ಕೋಲು, ವಾಕರ್, ವೀಲ್‌ಚೇರ್: ಅಂಗಡಿಗೆ ಹೋಗೋ ಮುಂಚೆ ಮನೇಲಿ ನೋಡ್ಕೊಳ್ಬೇಕಾದ್ದು

ಮನೇಲಿ ದೊಡ್ಡೋರು ಯಾರಾದ್ರೂ ಬಿದ್ದು ಆಸ್ಪತ್ರೆ ಸೇರಿದ್ರೆ ಡಿಸ್ಚಾರ್ಜ್ ದಿನ ನಡೆಯೋದು ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ. ಬಿಲ್ ಕಟ್ಟಿ, ಮಾತ್ರೆ ತಗೊಂಡು, ಹಂಗೇ ಎದುರುಗಡೆ ಇರೋ ಸರ್ಜಿಕಲ್ ಅಂಗಡಿಗೆ ಹೋಗಿ "ಒಂದು ವಾಕರ್ ಕೊಡಿ" ಅಂತಾರೆ, ಅಂಗಡಿಯೋರು ಕೈಗೆ ಸಿಕ್ಕಿದ್ದನ್ನ ಕೊಡ್ತಾರೆ, ಮನೆಗೆ ಬಂದ್ಮೇಲೆ ಗೊತ್ತಾಗುತ್ತೆ ಅದು ಬಚ್ಚಲುಮನೆ ಬಾಗಿಲಲ್ಲಿ ತೂರಲ್ಲ, ಎತ್ತರ ಸರಿ ಇಲ್ಲ, ಅವ್ರಿಗೆ ಅದನ್ನ ಎತ್ತಿ ಮುಂದೆ ಇಡೋ ಶಕ್ತೀನೂ ಇಲ್ಲ ಅಂತ. ವಾರ ಕಳೆಯೋದ್ರೊಳಗೆ ವಾಕರ್ ಮೂಲೆ ಸೇರಿರುತ್ತೆ, ಅವ್ರು ಮತ್ತೆ ಗೋಡೆ ಹಿಡ್ಕೊಂಡು, ಇಲ್ಲಾಂದ್ರೆ ಪ್ಲಾಸ್ಟಿಕ್ ಕುರ್ಚಿ ತಳ್ಕೊಂಡು ಓಡಾಡ್ತಿರ್ತಾರೆ. ಆ ಪ್ಲಾಸ್ಟಿಕ್ ಕುರ್ಚಿ ವಿಷಯ ಇಲ್ಲೇ ಹೇಳ್ಬಿಡ್ತೀನಿ, ದಯವಿಟ್ಟು ಅದನ್ನ ಬಿಡಿಸಿ. ಒದ್ದೆ ಟೈಲ್ಸ್ ಮೇಲೆ ಅದು ಯಾವಾಗ ಸರ್ರಂತ ಜಾರುತ್ತೋ ಹೇಳಕ್ಕಾಗಲ್ಲ, ಕುರ್ಚಿ ಕಾಲು ಸೀಳಿದ್ರೆ ಅಲ್ಲೇ ಬೀಳ್ತಾರೆ.

ಅಮ್ಮನ್ನ, ಆಮೇಲೆ ಸ್ಟ್ರೋಕ್ ಆದ ದೊಡ್ಡಪ್ಪನ್ನ ಮನೇಲೇ ಇಟ್ಕೊಂಡು ನೋಡ್ಕೊಂಡಿದ್ದೀನಿ, ಆಗ ಫಿಸಿಯೋಥೆರಪಿಸ್ಟ್‌ಗಳು ಹೇಳ್ಕೊಟ್ಟಿದ್ದು, ಓದಿ ತಿಳ್ಕೊಂಡಿದ್ದು ಎಲ್ಲ ಸೇರಿಸಿ ಇದನ್ನ ಬರೀತಿದ್ದೀನಿ. ಒಂದು ಕ್ರಮ ಇಟ್ಕೊಳ್ಳಿ: ಮೊದ್ಲು ಆ ವ್ಯಕ್ತೀನ ನೋಡಿ, ಆಮೇಲೆ ಮನೆ ಅಳೀರಿ, ಸಾಮಾನು ಕೊನೇಗೆ ತಗೊಳ್ಳಿ.

ಮೊದಲ ಹೆಜ್ಜೆ: ಯಾಕೆ ತೂರಾಡ್ತಿದ್ದಾರೆ ಅಂತ ತಿಳ್ಕೊಳ್ಳಿ

ವಯಸ್ಸಾಯ್ತು ಅದಕ್ಕೇ ಬೀಳ್ತಾರೆ ಅಂತ ಬಿಟ್ಬಿಡಬೇಡಿ. ಮಂಡಿ ಸವೆದಿರೋರಿಗೆ ಬೇಕಾದ್ದು ಬೇರೆ, ತಲೆಸುತ್ತು ಬರೋರಿಗೆ ಬೇರೆ, ಒಂದು ಕಡೆ ಕೈಕಾಲು ಬಿದ್ದೋಗಿರೋರಿಗೆ ಬೇರೆ. ಕೆಲವರಿಗೆ ಹಾಸಿಗೆಯಿಂದ ಎದ್ದ ತಕ್ಷಣ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತೆ, ಅಂಥೋರಿಗೆ ಎಷ್ಟು ಒಳ್ಳೆ ವಾಕರ್ ಕೊಟ್ರೂ ಬೀಳೋದು ನಿಲ್ಲಲ್ಲ, ಮಾತ್ರೆ ನೋಡ್ಬೇಕು, ಎದ್ದು ಒಂದೆರಡು ನಿಮಿಷ ಮಂಚದ ಅಂಚಲ್ಲಿ ಕೂತಿದ್ದು ಆಮೇಲೆ ನಿಲ್ಲೋ ಅಭ್ಯಾಸ ಮಾಡಿಸ್ಬೇಕು. ಶುಗರ್ ಇರೋರಿಗೆ ಪಾದ ಜೋಮು ಹಿಡಿದು ನೆಲ ಎಲ್ಲಿದೆ ಅಂತಾನೇ ಗೊತ್ತಾಗಲ್ಲ. ಕಣ್ಣಲ್ಲಿ ಪೊರೆ ಬಂದಿದ್ರೆ ಮೆಟ್ಟಿಲ ಅಂಚು ಕಾಣಲ್ಲ. ನಿದ್ದೆ ಮಾತ್ರೆ ತಗೊಳ್ಳೋರು ರಾತ್ರಿ ಎದ್ದಾಗ ತೂಕಡಿಸ್ಕೊಂಡೇ ನಡೀತಾರೆ. ಹಾಗಾಗಿ ಡಾಕ್ಟರ್ ಹತ್ರ ಒಂದ್ಸಲ, ಸಾಧ್ಯ ಆದ್ರೆ ಫಿಸಿಯೋಥೆರಪಿಸ್ಟ್ ಹತ್ರ ಒಂದ್ಸಲ ಹೋಗಿ "ಇವ್ರಿಗೆ ಯಾವುದು ಸರಿ, ಕಾಲ ಮೇಲೆ ಎಷ್ಟು ಭಾರ ಹಾಕಬಹುದು" ಅಂತ ಕೇಳಿ ಬನ್ನಿ. ಆಪರೇಷನ್ ಆಗಿರೋರಿಗೆ ಈ ಭಾರದ ಪ್ರಶ್ನೆ ತುಂಬ ಮುಖ್ಯ, ಅದನ್ನ ಆಪರೇಷನ್ ಮಾಡಿದ ಡಾಕ್ಟರೇ ಹೇಳ್ಬೇಕು.

ಇನ್ನೊಂದು, ಅವ್ರನ್ನೇ ಕೇಳಿ. ಅವ್ರ ಸಾಮಾನು ಆರಿಸುವಾಗ ಅವ್ರನ್ನ ಬಿಟ್ಟು ಮನೆಯೋರೆಲ್ಲ ಮಾತಾಡೋದು ನೋಡಿದ್ದೀನಿ, ಬೇಜಾರಾಗುತ್ತೆ. ಅವ್ರಿಗೆ ಏನು ಮಾಡೋ ಆಸೆ ಇದೆ? ಬೆಳಿಗ್ಗೆ ಎದ್ದು ತಾವೇ ತುಳಸಿಕಟ್ಟೆವರೆಗೆ ಹೋಗ್ಬೇಕಾ, ಬೀದಿ ಕೊನೇಲಿರೋ ದೇವಸ್ಥಾನಕ್ಕೆ ಹೋಗ್ಬೇಕಾ, ಅಡುಗೆಮನೇಲಿ ನಿಂತು ಒಂದು ಲೋಟ ಕಾಫಿ ಮಾಡ್ಕೊಬೇಕಾ? "ಕೋಲು ಹಿಡಿದ್ರೆ ನಾಲ್ಕು ಜನ ಏನಂತಾರೆ" ಅನ್ನೋ ಸಂಕೋಚ ನಮ್ಮ ಕಡೆ ತುಂಬ ಜನಕ್ಕಿದೆ, ಅದನ್ನ ಬೈದು ಬಾಯಿ ಮುಚ್ಚಿಸಿದ್ರೆ ಕೋಲು ಬಾಗಿಲ ಹಿಂದೆ ಹೋಗುತ್ತೆ ಅಷ್ಟೇ. ಅದೇ "ಅಮ್ಮಾ, ಇದು ಹಿಡ್ಕೊಂಡ್ರೆ ನೀವೊಬ್ರೇ ಸಂಜೆ ಪಾರ್ಕಿಗೆ ಹೋಗಿ ಬರಬಹುದು" ಅಂತ ಹೇಳಿ ಬಣ್ಣ, ಹಿಡಿ ಎಲ್ಲ ಅವ್ರ ಕೈಲೇ ಆರಿಸಿದ್ರೆ ಒಪ್ತಾರೆ.

ಎರಡನೇದು: ಟೇಪ್ ತಗೊಂಡು ಮನೆ ಅಳೀರಿ

ಮಂಚದಿಂದ ಬಚ್ಚಲಿಗೆ ಹೋಗೋ ದಾರಿ, ಇದೇ ಎಲ್ಲಕ್ಕಿಂತ ಮುಖ್ಯ, ಯಾಕಂದ್ರೆ ರಾತ್ರಿ ಹೊತ್ತು ನಿದ್ದೆಗಣ್ಣಲ್ಲಿ ಅವಸರದಲ್ಲಿ ಹೋಗೋ ದಾರಿ ಅದು. ಆ ದಾರೀಲಿ ಬರೋ ಪ್ರತಿ ಬಾಗಿಲಿನ ಅಗಲ ಬರ್ಕೊಳ್ಳಿ. ಚೌಕಟ್ಟಿಂದ ಚೌಕಟ್ಟಿಗೆ ಅಳೆದ್ರೆ ಸಾಲದು, ಬಾಗಿಲು ತೆಗೆದಾಗ ಅದರ ದಪ್ಪ ಬಿಟ್ಟು ನಿಜವಾಗಿ ಉಳಿಯೋ ಜಾಗ ಎಷ್ಟು ಅಂತ ಅಳೀರಿ. ನಮ್ಮ ಮನೆಗಳಲ್ಲಿ ಬಾತ್‌ರೂಮ್ ಬಾಗಿಲು ಎರಡೂವರೆ ಅಡಿ ಇದ್ರೆ ಪುಣ್ಯ, ಹಳೇ ಮನೇಲಿ ಇನ್ನೂ ಚಿಕ್ಕದು. 18 ಇಂಚು ಸೀಟಿನ ಮಾಮೂಲಿ ವೀಲ್‌ಚೇರ್ ಹೊರಗಿನ ಅಗಲ ಸುಮಾರು 25-26 ಇಂಚು ಬರುತ್ತೆ, ಕೈಯಲ್ಲಿ ಚಕ್ರ ತಿರುಗಿಸ್ಕೊಂಡು ಹೋಗೋರಿಗೆ ಬೆರಳು ತಾಗದ ಹಾಗೆ ಇನ್ನಷ್ಟು ಜಾಗ ಬೇಕು. ವೀಲ್‌ಚೇರ್ ಸಲೀಸಾಗಿ ಪೂರ್ತಿ ತಿರುಗೋಕೆ ಸುಮಾರು 5 ಅಡಿಗೆ 5 ಅಡಿ ಖಾಲಿ ಬೇಕು, ಮಂಚ ಬೀರು ಮಧ್ಯೆ ಅಷ್ಟು ಜಾಗ ಇದೆಯಾ ನೋಡಿ.

ಆಮೇಲೆ ಹೊಸ್ತಿಲು. ಪೂಜೆ ಮಾಡೋ ಹೊಸ್ತಿಲು, ಅದನ್ನ ಕೀಳೋಕೆ ಯಾರೂ ಒಪ್ಪಲ್ಲ, ಕೀಳೋದೂ ಬೇಡ, ಎರಡೂ ಕಡೆ ಮರದ ಸಣ್ಣ ಇಳಿಜಾರು ಮಾಡಿಸಿ ಇಟ್ರೆ ಸಾಕು, ಹಬ್ಬದ ದಿನ ಎತ್ತಿಟ್ಟು ರಂಗೋಲಿ ಹಾಕ್ಕೊಂಡು ಮತ್ತೆ ಇಡಬಹುದು. ಒಳಗಿನ ರೂಮುಗಳ ಹೊಸ್ತಿಲಾದ್ರೆ ತೆಗೆಸೋದೇ ಒಳ್ಳೇದು. ಬಚ್ಚಲಿಗೆ ಇಳಿಯೋ ಜಾಗದಲ್ಲಿ ಮೂರ್ನಾಲ್ಕು ಇಂಚು ತಗ್ಗಿರುತ್ತೆ, ಅಲ್ಲೇ ಜಾಸ್ತಿ ಬೀಳೋದು, ಆ ಅಂಚಿಗೆ ಎದ್ದು ಕಾಣೋ ಬಣ್ಣದ ಟೇಪ್ ಅಂಟಿಸಿ.

ನೆಲ ನೋಡಿ. ರೆಡ್ ಆಕ್ಸೈಡ್ ನೆಲ, ಪಾಲಿಷ್ ಮಾಡಿದ ಗ್ರಾನೈಟು, ವಿಟ್ರಿಫೈಡ್ ಟೈಲ್ಸು, ಒಂದು ಹನಿ ನೀರು ಬಿದ್ರೆ ಮೂರೂ ಜಾರುತ್ತೆ. ಬಾಗಿಲಲ್ಲಿರೋ ಕಾಲೊರೆಸೋ ಮ್ಯಾಟು, ಹಳೇ ಸೀರೇಲಿ ಹೊಲಿದಿರೋ ಕೌದಿ, ಚಾಪೆ, ಎಲ್ಲ ದಾರಿಯಿಂದ ತೆಗೀರಿ. ವಾಕರ್ ಕಾಲು ಸಿಕ್ಕಾಕ್ಕೊಳ್ಳೋದು ಅದರಲ್ಲೇ. ಮೊಬೈಲ್ ಚಾರ್ಜರ್ ವೈರು, ಫ್ಯಾನಿನ ವೈರು ಗೋಡೆ ಪಕ್ಕಕ್ಕೆ ಕಟ್ಟಿ. ದಾರೀಲಿ ರಾತ್ರಿಯೆಲ್ಲ ಉರಿಯೋ ಒಂದು ಸಣ್ಣ ಬಲ್ಬ್ ಹಾಕಿ, ಇದಕ್ಕೆ ಖರ್ಚೇ ಇಲ್ಲ, ಆದ್ರೆ ಉಪಕಾರ ತುಂಬ.

ಮಂಚ, ಕುರ್ಚಿ ಎತ್ತರಾನೂ ನೋಡ್ಬೇಕು. ಕೂತಾಗ ಪಾದ ಪೂರ್ತಿ ನೆಲಕ್ಕೆ ತಾಗಿ ಮಂಡಿ ಸೊಂಟದ ಮಟ್ಟದಲ್ಲಿ ಅಥವಾ ಒಂಚೂರು ಕೆಳಗೆ ಇರ್ಬೇಕು. ದಿವಾನ, ಸೋಫಾ ತರ ಕುಸಿಯೋದ್ರಲ್ಲಿ ಕೂತ್ರೆ ಎದ್ದೇಳೋಕೆ ಆಗಲ್ಲ. ಗಟ್ಟಿ ಕೈ ಇರೋ ಮರದ ಕುರ್ಚಿ ಒಂದು ಇಡಿ.

ಕೋಲು

ಒಂದು ಕಾಲು ಅಥವಾ ಮಂಡಿ ನೋವು, ಸ್ವಲ್ಪ ಆತುಕೊಂಡ್ರೆ ಸಾಕು ಅನ್ನೋರಿಗೆ ಕೋಲು ಸರಿ. ಪೂರ್ತಿ ಭಾರ ಹಾಕಿ ನಿಲ್ಲೋರಿಗೆ ಇದು ಸಾಲಲ್ಲ.

ಎತ್ತರ ಅಳೆಯೋದು ಹೀಗೆ: ದಿನಾ ಹಾಕೋ ಚಪ್ಪಲಿ ಹಾಕ್ಕೊಂಡು ನೆಟ್ಟಗೆ ನಿಲ್ಲಲಿ, ಕೈ ಪಕ್ಕಕ್ಕೆ ಸಡಿಲ ಬಿಡಲಿ, ಮಣಿಕಟ್ಟಿನ ಗೆರೆಯಿಂದ ನೆಲದವರೆಗೆ ಎಷ್ಟಿದೆಯೋ ಅಷ್ಟೇ ಕೋಲಿನ ಹಿಡಿ ಎತ್ತರ. ಹಿಡಿದು ನಿಂತಾಗ ಮೊಣಕೈ ಸ್ವಲ್ಪ ಮಡಚಿರ್ಬೇಕು, 15-20 ಡಿಗ್ರಿ ಅಂತಾರೆ. ಜಾಸ್ತಿ ಉದ್ದ ಆದ್ರೆ ಭುಜ ಎತ್ತಿ ಕತ್ತು ನೋವು ಬರುತ್ತೆ, ಗಿಡ್ಡ ಆದ್ರೆ ಬೆನ್ನು ಬಗ್ಗುತ್ತೆ. ಅಲ್ಯುಮಿನಿಯಂ ಕೋಲಲ್ಲಿ ಬಟನ್ ಒತ್ತಿ ಎತ್ತರ ಬದಲಾಯಿಸಬಹುದು, ಬಟನ್ ಪೂರ್ತಿ ತೂತಿಂದ ಹೊರಗೆ ಬಂದು ಟಕ್ ಅಂತ ಕೂತಿದೆಯಾ ನೋಡಿ. ತಾತನ ಕಾಲದ ಮರದ ಊರುಗೋಲು ಇದ್ರೆ ಅದನ್ನೇ ಬಳಸಬಹುದು, ಅಳತೆಗೆ ಕೆಳಗಡೆ ಕೊಯ್ಸಿ ರಬ್ಬರ್ ಬುಷ್ ಹಾಕಿಸಿ. ಬುಷ್ ಇಲ್ಲದ ಮರದ ಕೋಲು ಟೈಲ್ಸ್ ಮೇಲೆ ತುಂಬ ಅಪಾಯ.

ಯಾವ ಕೈಲಿ ಹಿಡೀಬೇಕು ಅನ್ನೋದ್ರಲ್ಲಿ ಮುಕ್ಕಾಲುಪಾಲು ಜನ ಉಲ್ಟಾ ಮಾಡ್ತಾರೆ. ಬಲಮಂಡಿ ನೋವಿದ್ರೆ ಕೋಲು ಎಡಗೈಲಿ. ನೋವಿರೋ ಕಾಲು ಮುಂದೆ ಇಡುವಾಗ ಎದುರು ಕೈಲಿರೋ ಕೋಲೂ ಜೊತೇಲೇ ಮುಂದೆ ಹೋಗ್ಬೇಕು, ಆಗ ಆ ಕಾಲಿನ ಮೇಲೆ ಬೀಳೋ ಭಾರ ಕಮ್ಮಿ ಆಗುತ್ತೆ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದ್ಲು, ಇಳಿಯುವಾಗ ಕೋಲು ಮತ್ತು ನೋವಿರೋ ಕಾಲು ಮೊದ್ಲು. ರೇಲಿಂಗ್ ಇದ್ರೆ ಒಂದು ಕೈ ರೇಲಿಂಗ್ ಮೇಲೆ ಇರ್ಲೇಬೇಕು.

ನಾಲ್ಕು ಕಾಲಿನ ಕೋಲು ಸಿಗುತ್ತೆ, ಸ್ಟ್ರೋಕ್ ಆಗಿ ಒಂದೇ ಕೈ ಕೆಲಸ ಮಾಡೋರಿಗೆ ಇದು ಅನುಕೂಲ, ಕೈ ಬಿಟ್ರೂ ತಾನೇ ನಿಂತಿರುತ್ತೆ. ಕೋಲಿನ ಬುಡದ ಚಪ್ಪಟೆ ಬದಿ ಮೈ ಕಡೆಗೆ ಇರ್ಬೇಕು, ಅಗಲ ಬದಿ ಒಳಗಿದ್ರೆ ಕಾಲಿಗೆ ತೊಡರುತ್ತೆ. ನಾಲ್ಕೂ ಕಾಲು ಒಟ್ಟಿಗೆ ನೆಲ ಮುಟ್ಟಿದ್ರೇನೇ ಇದು ಗಟ್ಟಿ, ಹಾಗಾಗಿ ಮನೆಯೊಳಗೆ ಚೆನ್ನ, ಮಣ್ಣು ಕಲ್ಲಿರೋ ಅಂಗಳದಲ್ಲಿ ಅಲ್ಲಾಡುತ್ತೆ.

ವಾಕರ್

ಎರಡೂ ಕೈಲಿ ಬಲ ಇದ್ದು, ಬ್ಯಾಲೆನ್ಸ್ ಸಾಲದೇ ಇರೋರಿಗೆ ವಾಕರ್. ಎತ್ತರ ಕೋಲಿನ ಹಾಗೇ, ಮಣಿಕಟ್ಟಿನ ಮಟ್ಟ. ಇದರಲ್ಲಿ ಮೂರು ಬಗೆ.

ಚಕ್ರ ಇಲ್ಲದ್ದು ಎಲ್ಲಕ್ಕಿಂತ ಗಟ್ಟಿ, ಆದ್ರೆ ಪ್ರತಿ ಹೆಜ್ಜೆಗೂ ಎತ್ತಿ ಇಡ್ಬೇಕು. ತುಂಬ ನಿಶ್ಶಕ್ತಿ ಇರೋರಿಗೆ, ಎತ್ತುವಾಗ ಹಿಂದಕ್ಕೆ ವಾಲೋರಿಗೆ, ಪಾರ್ಕಿನ್ಸನ್ (ಕೈಕಾಲು ನಡುಗಿ ಬಿಗಿಯಾಗೋ ಕಾಯಿಲೆ) ಇರೋರಿಗೆ ಇದು ಕಷ್ಟ. ಅಂಥೋರಿಗೆ ಮುಂದೆ ಎರಡು ಸಣ್ಣ ಚಕ್ರ ಇರೋದು ಒಳ್ಳೇದು, ತಳ್ಕೊಂಡು ಹೋಗಬಹುದು, ಭಾರ ಹಾಕಿದ್ರೆ ಹಿಂದಿನ ಕಾಲು ನೆಲಕ್ಕೆ ಕಚ್ಚಿ ನಿಲ್ಲುತ್ತೆ. ಮನೆಯೊಳಗಿನ ಓಡಾಟಕ್ಕೆ ನಾನಾದ್ರೆ ಹೆಚ್ಚಿನವರಿಗೆ ಇದನ್ನೇ ಹೇಳ್ತೀನಿ. ಮೂರನೇದು ನಾಲ್ಕು ಚಕ್ರದ ರೋಲೇಟರ್, ಬ್ರೇಕ್ ಇರುತ್ತೆ, ಸುಸ್ತಾದ್ರೆ ಕೂರೋಕೆ ಸೀಟೂ ಇರುತ್ತೆ, ನೋಡೋಕೆ ಚೆಂದ. ಆದ್ರೆ ಇದು ಚೆನ್ನಾಗಿ ನಡೆಯೋ, ಆದ್ರೆ ಬೇಗ ಸುಸ್ತಾಗೋ ಜನಕ್ಕೆ. ಪೂರ್ತಿ ಭಾರ ಹಾಕಿ ಒರಗೋರಿಗೆ, ಮರೆವಿನ ಕಾಯಿಲೆಯಿಂದ ಬ್ರೇಕ್ ಹಾಕೋಕೆ ನೆನಪಿರದೋರಿಗೆ ಬೇಡ್ವೇ ಬೇಡ, ಮುಂದಕ್ಕೆ ಓಡಿಹೋಗುತ್ತೆ. ಹೊರಗೆ ಬಳಸೋದಾದ್ರೆ ಚಕ್ರ 8 ಇಂಚಾದ್ರೂ ಇರ್ಲಿ, ಸಣ್ಣ ಚಕ್ರ ನಮ್ಮ ಫುಟ್‌ಪಾತ್ ಬಿರುಕಲ್ಲಿ ಸಿಕ್ಕಾಕ್ಕೊಳ್ಳುತ್ತೆ.

ನಡೆಯೋ ಕ್ರಮ: ವಾಕರ್ ಸ್ವಲ್ಪ ಮುಂದೆ, ಆಮೇಲೆ ನೋವಿರೋ ಕಾಲು, ಆಮೇಲೆ ಗಟ್ಟಿ ಕಾಲು. ವಾಕರ್ ಒಳಗಡೆ ನಿಂತು ನಡೀಬೇಕು, ಅದನ್ನ ದೂರ ಇಟ್ಟು ಬಗ್ಗಿ ಹೋಗಬಾರದು. ಎದ್ದೇಳುವಾಗ ವಾಕರ್ ಹಿಡಿದು ಎಳ್ಕೊಳ್ಳಬಾರದು, ಅದು ಮೈಮೇಲೇ ಮಗುಚುತ್ತೆ, ಕುರ್ಚಿ ಕೈಗಳನ್ನ ಒತ್ತಿ ಎದ್ದು ಆಮೇಲೆ ವಾಕರ್ ಹಿಡೀಬೇಕು. ಕೂರುವಾಗ ಹಿಂದೆ ಸರೀತಾ ಬಂದು ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗಿದ್ಮೇಲೆ ಕೈಯನ್ನ ಹಿಂದಕ್ಕೆ ತಗೊಂಡು ಕೂರ್ಬೇಕು. ವಾಕರ್ ಹಿಡಿದು ಮೆಟ್ಟಿಲು ಹತ್ತಬಾರದು. ಎರಡೂ ಕೈ ತುಂಬಿರೋದ್ರಿಂದ ಮೊಬೈಲು, ಕನ್ನಡಕ, ನೀರಿನ ಬಾಟ್ಲಿ ಇಡೋಕೆ ಮುಂದುಗಡೆ ಒಂದು ಬಟ್ಟೆ ಚೀಲ ಕಟ್ಟಿಕೊಡಿ, ಭಾರದ್ದು ಹಾಕ್ಬೇಡಿ.

ಕಾಲಲ್ಲಿ ಹವಾಯಿ ಚಪ್ಪಲಿ ಬೇಡ. ಹಿಮ್ಮಡಿಗೆ ಪಟ್ಟಿ ಇರೋ, ತಳ ಜಾರದ ಚಪ್ಪಲಿ ಮನೆಯೊಳಗೂ ಹಾಕಿಸಿ, ಮನೆಯೊಳಗೆ ಚಪ್ಪಲಿ ಹಾಕಲ್ಲ ಅನ್ನೋ ಮನೆಗಳಲ್ಲಿ ಒಳಗಡೆಗೆ ಅಂತಲೇ ಹೊಸ ಜೊತೆ ಬೇರೆ ಇಟ್ಟುಬಿಡಿ. ಸೀರೆ ನೆರಿಗೆ, ಪಂಚೆ ಅಂಚು ಪಾದದಿಂದ ನಾಲ್ಕು ಬೆರಳು ಮೇಲೆ ಇರ್ಲಿ, ನೈಟಿ ಉದ್ದ ಇದ್ರೆ ಮಡಿಚಿ ಹೊಲಿದುಬಿಡಿ.

ಕ್ರಚಸ್ ಬಗ್ಗೆ ಒಂದೇ ಮಾತು, ಕಂಕುಳಿಗೂ ಅದರ ಮೇಲ್ತುದಿಗೂ ಎರಡು ಮೂರು ಬೆರಳು ಜಾಗ ಇರ್ಬೇಕು, ಭಾರ ಅಂಗೈ ಮೇಲೆ ಬೀಳ್ಬೇಕು. ಕಂಕುಳ ಮೇಲೆ ನೇತಾಡಿದ್ರೆ ಅಲ್ಲಿನ ನರ ಒತ್ತಿ ಕೈ ಜೋಮು ಹಿಡಿಯುತ್ತೆ. ವಯಸ್ಸಾದೋರಿಗಿಂತ ಇದು ಕಾಲು ಮುರಿದಿರೋ ಹುಡುಗರಿಗೇ ಸರಿ. ದೀರ್ಘಕಾಲ ಬೇಕು ಅನ್ನೋರಿಗೆ ಮೊಣಕೈ ಕೆಳಗೆ ಪಟ್ಟಿ ಹಿಡಿಯೋ ಎಲ್ಬೋ ಕ್ರಚಸ್ ಉತ್ತಮ.

ವೀಲ್‌ಚೇರ್

ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಿ, ಯಾಕಂದ್ರೆ ದಿನದ ಬಹಳ ಹೊತ್ತು ಇದರಲ್ಲೇ ಕೂರೋರಿಗೆ ಅಳತೆ ತಪ್ಪಿದ್ರೆ ಬೆನ್ನು ಸೊಟ್ಟ ಆಗುತ್ತೆ, ಕೂತ ಜಾಗದಲ್ಲಿ ಹುಣ್ಣಾಗುತ್ತೆ. "ಎಲ್ಲರಿಗೂ ಆಗುತ್ತೆ ಸಾರ್" ಅಂತ ಅಂಗಡಿಯೋರು ಹೇಳ್ತಾರೆ, ಆಗಲ್ಲ. ಹೊಸ ಚಪ್ಪಲಿ ತಗೊಳ್ಳುವಾಗ ಅಳತೆ ನೋಡ್ತೀವಲ್ಲ, ಇದಕ್ಕೂ ನೋಡ್ಲೇಬೇಕು.

ಅವ್ರನ್ನ ಗಟ್ಟಿ ಕುರ್ಚಿ ಮೇಲೆ ನೆಟ್ಟಗೆ ಕೂರಿಸಿ ಅಳೀರಿ. ಸೊಂಟದ ಅತಿ ಅಗಲವಾದ ಜಾಗದ ಅಳತೆಗೆ 1ರಿಂದ 2 ಇಂಚು ಸೇರಿಸಿದ್ರೆ ಸೀಟಿನ ಅಗಲ. ಬೆನ್ನಿಂದ ಮಂಡಿ ಹಿಂಭಾಗದವರೆಗಿನ ಉದ್ದದಲ್ಲಿ 2 ಇಂಚು ಕಳೆದ್ರೆ ಸೀಟಿನ ಆಳ, ಆಳ ಜಾಸ್ತಿ ಆದ್ರೆ ಮಂಡಿ ಹಿಂದೆ ಒತ್ತುತ್ತೆ, ಅವ್ರು ಮುಂದಕ್ಕೆ ಜಾರಿ ಜಾರಿ ಕೂರ್ತಾರೆ. ಫುಟ್‌ರೆಸ್ಟ್ ಮೇಲೆ ಪಾದ ಇಟ್ಟಾಗ ತೊಡೆ ಸಮ ಇರ್ಬೇಕು, ಫುಟ್‌ರೆಸ್ಟ್ ನೆಲದಿಂದ 2 ಇಂಚಾದ್ರೂ ಮೇಲಿರ್ಬೇಕು. ದಿಂಬು ಹಾಕೋದಾದ್ರೆ ಅದನ್ನ ಇಟ್ಟೇ ಅಳೀರಿ.

ಅವ್ರೇ ಕೈಲಿ ಚಕ್ರ ತಿರುಗಿಸ್ಕೊಂಡು ಹೋಗ್ತಾರಾ, ಇಲ್ಲಾ ಯಾರಾದ್ರೂ ತಳ್ಬೇಕಾ? ಕೈ ಗಟ್ಟಿ ಇದ್ರೆ ಹಿಂದೆ ದೊಡ್ಡ ಚಕ್ರ ಇರೋದನ್ನೇ ಕೊಡಿ, ಯಾರನ್ನೂ ಕರೀದೇ ಹಾಲ್‌ನಿಂದ ವರಾಂಡಕ್ಕೆ ತಾವೇ ಹೋಗೋದು ಅವ್ರಿಗೆ ಎಷ್ಟು ದೊಡ್ಡ ಸಮಾಧಾನ ಅಂತ ಹತ್ರದಿಂದ ನೋಡಿದೋರಿಗೆ ಗೊತ್ತು. ತಳ್ಳೋಕೆ ಯಾವಾಗ್ಲೂ ಜನ ಇರ್ತಾರೆ, ಬರೀ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಬೇಕು ಅಂದ್ರೆ ಸಣ್ಣ ಚಕ್ರದ್ದು ಹಗುರ, ಅಗಲಾನೂ ಕಮ್ಮಿ, ಕಿರಿದಾದ ಬಾಗಿಲಲ್ಲೂ ಹೋಗುತ್ತೆ.

ಕೈಯಿಡೋ ಆರ್ಮ್‌ರೆಸ್ಟ್ ಎತ್ತೋ ಅಥವಾ ತೆಗೆಯೋ ಹಾಗಿದ್ರೆ ಮಂಚದಿಂದ ಪಕ್ಕಕ್ಕೆ ಸರಿದು ಕೂರಿಸೋದು ಸುಲಭ, ಎತ್ತಿ ಕೂರಿಸೋರ ಬೆನ್ನೂ ಉಳಿಯುತ್ತೆ. ಫುಟ್‌ರೆಸ್ಟ್ ಪಕ್ಕಕ್ಕೆ ಸರಿಯೋದು ತಗೊಳ್ಳಿ. ಗಾಳಿ ತುಂಬೋ ಟೈರು ಹಳ್ಳ ದಿಣ್ಣೇಲಿ ಮೆತ್ತಗೆ ಹೋಗುತ್ತೆ ಆದ್ರೆ ಪಂಚರ್ ಕಾಟ, ಮನೆಯೊಳಗಷ್ಟೇ ಆದ್ರೆ ಘನ ರಬ್ಬರ್ ಸಾಕು. ಕಬ್ಬಿಣದ್ದು ಹದಿನೇಳು ಹದಿನೆಂಟು ಕೆ.ಜಿ. ಮೇಲೆ ತೂಗುತ್ತೆ, ಅಲ್ಯುಮಿನಿಯಂ ಅದಕ್ಕಿಂತ ಹಗುರ, ಕಾರಿಗೆ ಹಾಕೋದು ಇಳಿಸೋದು ಮಾಡೋರು ಯಾರು ಅಂತ ಯೋಚಿಸಿ ತಗೊಳ್ಳಿ, ಬೆನ್ನು ನೋವಿರೋ ಅರವತ್ತರ ಹೆಂಡತಿ ಎತ್ಬೇಕು ಅಂದ್ರೆ ಆ ತೂಕದ ವ್ಯತ್ಯಾಸ ತುಂಬ ದೊಡ್ಡದು.

ದಿಂಬು ಇಲ್ಲದೆ ವೀಲ್‌ಚೇರ್ ತಗೊಬೇಡಿ. ಜೋಲಿ ಥರ ಬಟ್ಟೆ ಸೀಟಲ್ಲಿ ಗಂಟೆಗಟ್ಲೆ ಕೂತ್ರೆ ಬೆನ್ನುಮೂಳೆ ತುದಿ, ಕುಂಡಿ ಮೂಳೆ ಹತ್ರ ಚರ್ಮ ಕೆಂಪಾಗಿ ಹುಣ್ಣಾಗುತ್ತೆ, ಶುಗರ್ ಇದ್ರೆ, ಸ್ಪರ್ಶ ಇಲ್ಲದಿದ್ರೆ ಗೊತ್ತೇ ಆಗಲ್ಲ. ಗಟ್ಟಿ ಫೋಮ್ ದಿಂಬು ಕನಿಷ್ಠ, ಜಾಸ್ತಿ ಹೊತ್ತು ಕೂರೋರಿಗೆ ಜೆಲ್ ಅಥವಾ ಗಾಳಿ ದಿಂಬು. ಅರ್ಧ ಗಂಟೆಗೊಮ್ಮೆ ಮೈ ಪಕ್ಕಕ್ಕೆ ವಾಲಿಸಿ ಭಾರ ಬದಲಾಯಿಸ್ಬೇಕು, ದಿನಾ ಸ್ನಾನ ಮಾಡಿಸುವಾಗ ಆ ಜಾಗ ಕಣ್ಣಾರೆ ನೋಡ್ಬೇಕು. ಒತ್ತಿದ್ರೂ ಹೋಗದ ಕೆಂಪು ಕಂಡ್ರೆ ಆ ಜಾಗದ ಮೇಲೆ ಕೂರಿಸೋದು ನಿಲ್ಲಿಸಿ ಡಾಕ್ಟರ್‌ಗೆ ತೋರಿಸಿ.

ಕೂರಿಸುವಾಗ, ಏಳಿಸುವಾಗ ಎರಡೂ ಬ್ರೇಕ್ ಹಾಕಿರ್ಬೇಕು, ಫುಟ್‌ರೆಸ್ಟ್ ಮೇಲೆ ಕಾಲಿಟ್ಟು ನಿಲ್ಲಬಾರದು, ನಿಂತ್ರೆ ಕುರ್ಚಿ ಮುಂದಕ್ಕೆ ಮಗುಚುತ್ತೆ. ಇಳಿಜಾರಲ್ಲಿ ಕೆಳಗೆ ಹೋಗುವಾಗ ಕುರ್ಚಿ ತಿರುಗಿಸಿ ಹಿಮ್ಮುಖವಾಗಿ ಇಳಿಸಿ.

ಮುಂಬಾಗಿಲಲ್ಲಿ ರ‍್ಯಾಂಪ್ ಕಟ್ಟಿಸೋದಾದ್ರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಅನ್ನೋದು ಲೆಕ್ಕ. 6 ಇಂಚಿನ ಒಂದು ಮೆಟ್ಟಿಲಿಗೇ 6 ಅಡಿ ಬೇಕು. ಮೇಸ್ತ್ರಿಗಳು ಸ್ಕೂಟರ್ ಹತ್ತಿಸೋ ಥರ ಕಡಿದಾಗಿ ಹಾಕ್ಬಿಡ್ತಾರೆ, ಅದರಲ್ಲಿ ವೀಲ್‌ಚೇರ್ ತಳ್ಳೋಕೆ ಆಗಲ್ಲ, ಪಕ್ಕದಲ್ಲಿ ನಿಂತು ಅಳತೆ ಹೇಳಿ ಮಾಡಿಸಿ, ಮೇಲ್ಮೈ ಒರಟಾಗಿರ್ಲಿ.

ಬ್ಯಾಟರಿ ವೀಲ್‌ಚೇರ್ ತಗೊಳ್ಳೋ ಯೋಚನೆ ಇದ್ರೆ ಮೂರು ವಿಷಯ ವಿಚಾರಿಸಿ: ನಿಮ್ಮ ಊರಲ್ಲಿ ರಿಪೇರಿ ಮಾಡೋರು ಇದ್ದಾರಾ, ಅಪಾರ್ಟ್‌ಮೆಂಟ್ ಲಿಫ್ಟಲ್ಲಿ ಹೋಗುತ್ತಾ, ಕರೆಂಟ್ ಇಲ್ಲದ ದಿನ ಕೈಲಿ ತಳ್ಳೋಕೆ ಬರುತ್ತಾ. ಹೊರಗೆ ದುಡಿಯೋಕೆ ಹೋಗೋ ವಯಸ್ಸಿನವರಿಗೆ ಇನ್ನೊಂದು ದಾರಿ ಇದೆ, ಐಐಟಿ ಮದ್ರಾಸಿಂದ ಹುಟ್ಟಿದ ನಿಯೋಮೋಷನ್ ಕಂಪನಿಯೋರು ಒಬ್ಬೊಬ್ಬರ ಅಳತೆಗೆ ಮಾಡಿಕೊಡೋ ನಿಯೋಫ್ಲೈ ಅನ್ನೋ ವೀಲ್‌ಚೇರ್, ಅದರ ಮುಂದೆ ಸಿಕ್ಕಿಸ್ಕೊಂಡು ರಸ್ತೇಲಿ ಓಡಿಸೋ ನಿಯೋಬೋಲ್ಟ್ ಅನ್ನೋ ಮೋಟಾರ್ ಭಾಗ ಸಿಗ್ತಿದೆ.

ಬಚ್ಚಲು, ಟಾಯ್ಲೆಟ್

ಇಡೀ ಮನೇಲಿ ದುಡ್ಡು ಹಾಕೋಕೆ ಒಂದೇ ಜಾಗ ಇದೆ ಅಂದ್ರೆ ಇದಕ್ಕೇ ಹಾಕಿ. ಟವೆಲ್ ಹಾಕೋ ರಾಡ್ ಹಿಡ್ಕೊಂಡು ಏಳೋದು ಎಲ್ಲ ಮನೇಲೂ ಇದೆ, ಅದು ಮನುಷ್ಯರ ಭಾರಕ್ಕೆ ಮಾಡಿದ್ದಲ್ಲ, ಸ್ಕ್ರೂ ಸಮೇತ ಕಿತ್ಕೊಂಡು ಬರುತ್ತೆ. ಗ್ರ್ಯಾಬ್ ಬಾರ್ ಅಂತಲೇ ಕೇಳಿ ಸ್ಟೀಲ್‌ದು ತಗೊಂಡು, ಗೋಡೆಗೆ ತಕ್ಕ ಫಾಸ್ಟನರ್ ಹಾಕಿ ಕೂರಿಸಿ. ಟೊಳ್ಳು ಬ್ಲಾಕಿನ ಗೋಡೆ ಆದ್ರೆ ಮಾಮೂಲಿ ಪ್ಲಗ್ ನಿಲ್ಲಲ್ಲ. ಹಾಕಿದ್ಮೇಲೆ ಮನೇಲಿ ದಪ್ಪ ಇರೋರು ಒಬ್ರು ಜಗ್ಗಿ ನೋಡ್ಲಿ. ರಬ್ಬರ್ ಬಟ್ಟಲಿಂದ ಗೋಡೆಗೆ ಅಂಟೋ ಹಿಡಿಗಳನ್ನ ನಂಬ್ಬೇಡಿ. ಎಲ್ಲಿ ಹಾಕ್ಬೇಕು ಅನ್ನೋದಕ್ಕೆ ಅವ್ರನ್ನೇ ಕಮೋಡ್ ಮೇಲೆ ಕೂರಿಸಿ, ಏಳುವಾಗ ಕೈ ಸಹಜವಾಗಿ ಎಲ್ಲಿಗೆ ಹೋಗುತ್ತೆ ನೋಡಿ ಪೆನ್ಸಿಲ್ ಗುರುತು ಮಾಡಿ.

ಇಂಡಿಯನ್ ಟಾಯ್ಲೆಟ್ ಒಂದೇ ಇದ್ರೆ ಅದನ್ನ ಒಡೆಸೋಕೆ ಮುಂಚೆ ಕಮೋಡ್ ಚೇರ್ ನೋಡಿ, ನಡುವೆ ತೂತಿರೋ ಗಟ್ಟಿ ಕುರ್ಚಿ, ಅದನ್ನ ಹಾಗೇ ಟಾಯ್ಲೆಟ್ ಮೇಲೆ ಇಡಬಹುದು, ಕೆಳಗೆ ಪಾತ್ರೆ ಇಟ್ಟು ರಾತ್ರಿ ಮಂಚದ ಪಕ್ಕಾನೂ ಇಡಬಹುದು. ಕಾಲಿಗೆ ರಬ್ಬರ್ ಬುಷ್ ಇರ್ಲಿ, ಕೈ ಇರ್ಲಿ, ಅಲ್ಲಾಡಬಾರದು. ವೆಸ್ಟರ್ನ್ ಇದ್ದು ತಗ್ಗಾದ್ರೆ ಸೀಟ್ ಎತ್ತರ ಮಾಡೋ ರೈಸರ್ ಸಿಗುತ್ತೆ. ಸ್ನಾನಕ್ಕೆ ಮಣೆ ಬಿಟ್ಟು ಎತ್ತರದ ಸ್ನಾನದ ಕುರ್ಚಿ ಕೊಡಿ, ಬಕೆಟ್ ನೆಲದ ಮೇಲಿದ್ರೆ ಬಗ್ಗುವಾಗ ತಲೆಸುತ್ತುತ್ತೆ, ಸ್ಟೂಲ್ ಮೇಲೆ ಇಡಿ. ಬಾಗಿಲು ಹೊರಗೆ ತೆರೆಯೋ ಹಾಗೆ ಮಾಡಿಸಿ, ಒಳಗೆ ಬಿದ್ರೆ ಅವ್ರ ಮೈಯೇ ಬಾಗಿಲಿಗೆ ಅಡ್ಡ ಆಗುತ್ತೆ. ಒಳಗಿಂದ ಚಿಲಕ ಹಾಕದಿರೋದು ವಾಸಿ.

ಮಲೆನಾಡು ಕಡೆ, ಹಳ್ಳಿ ಮನೆಗಳಲ್ಲಿ ಬಚ್ಚಲು ಮನೆಯಿಂದಾಚೆ ಹಿಂದುಗಡೆ ಬೇರೆ ಇರುತ್ತೆ, ಮಳೆಗಾಲದಲ್ಲಿ ಆ ಅಂಗಳ ಪಾಚಿ ಕಟ್ಟಿ ಬೆಣ್ಣೆ ಆಗಿರುತ್ತೆ. ಅಲ್ಲಿ ಯಾವ ಕೋಲೂ ಕೆಲಸಕ್ಕೆ ಬರಲ್ಲ. ಮೂರಡಿ ಅಗಲದ ಒರಟು ಕಾಂಕ್ರೀಟ್ ದಾರಿ ಹಾಕಿಸಿ, ಪಕ್ಕಕ್ಕೆ ಜಿ.ಐ. ಪೈಪಿನ ರೇಲಿಂಗ್ ನಿಲ್ಲಿಸಿ, ಮೇಲೆ ಶೀಟ್ ಹಾಕಿ. ಅದಾಗದಿದ್ರೆ ಮಳೆಗಾಲದ ಮಟ್ಟಿಗಾದ್ರೂ ಒಳಗೆ ಕಮೋಡ್ ಚೇರ್ ಇಡಿ.

ಹೊರಗೆ ಹೋಗುವಾಗ

ಮನೇಲೇ ಕೂತು ಕೂತು ಜನ ಸೊರಗ್ತಾರೆ, ಆದಷ್ಟು ಹೊರಗೆ ಕರ್ಕೊಂಡು ಹೋಗಿ. ಕಾರಾಗ್ಲಿ ಆಟೋ ಆಗ್ಲಿ, ಮೊದ್ಲು ಸೀಟಿಗೆ ಬೆನ್ನು ಮಾಡಿ ಕೂತು ಆಮೇಲೆ ಎರಡೂ ಕಾಲು ಒಳಗೆ ತಗೊಳ್ಳೋದು ಕ್ರಮ, ಒಂಟಿ ಕಾಲಲ್ಲಿ ನಿಂತು ಹತ್ತಬಾರದು. ಬೆಂಗಳೂರಲ್ಲಿ ಕ್ಯಾಬ್ ಬುಕ್ ಮಾಡಿದ್ರೆ ಎಷ್ಟೋ ಸಲ ಡಿಕ್ಕೀಲಿ ಸಿಎನ್‌ಜಿ ಸಿಲಿಂಡರ್ ಇರುತ್ತೆ, ವೀಲ್‌ಚೇರ್ ಹಿಡಿಯಲ್ಲ, ಡ್ರೈವರ್‌ಗೆ ಫೋನ್ ಮಾಡಿ ಮೊದ್ಲೇ ಕೇಳಿ. ಮೆಟ್ರೋ ಸ್ಟೇಷನ್‌ಗಳಲ್ಲಿ ಲಿಫ್ಟ್ ಇದೆ, ಬೋಗಿ ಒಳಗೆ ವೀಲ್‌ಚೇರ್ ಜಾಗ ಇದೆ, ರಸ್ತೆ ಯಾವ ಬದೀಲಿ ಲಿಫ್ಟ್ ಇದೆ ಅಂತ ತಿಳ್ಕೊಂಡು ಅಲ್ಲೇ ಇಳೀರಿ. ವಿಮಾನ ಆದ್ರೆ ಟಿಕೆಟ್ ಬುಕ್ ಮಾಡುವಾಗ್ಲೇ ವೀಲ್‌ಚೇರ್ ಅಸಿಸ್ಟೆನ್ಸ್ ಕೇಳಿ, ತೀರಾ ತಡ ಅಂದ್ರೂ 48 ಗಂಟೆ ಮುಂಚೆ ತಿಳಿಸಿ, ಬ್ಯಾಟರಿ ಇರೋದಾದ್ರೆ ಯಾವ ಬ್ಯಾಟರಿ ಅಂತಾನೂ ಹೇಳ್ಬೇಕು.

ಮದುವೆ ಛತ್ರಗಳಲ್ಲಿ ಊಟದ ಹಾಲ್ ಕೆಳಗೋ ಮೇಲೋ ಇರುತ್ತೆ, ಲಿಫ್ಟ್ ಇದೆಯಾ, ವೆಸ್ಟರ್ನ್ ಟಾಯ್ಲೆಟ್ ಇದೆಯಾ ಅಂತ ಒಂದಿನ ಮುಂಚೆ ಫೋನ್ ಮಾಡಿ. ಇಲ್ಲಾಂದ್ರೆ ಮಂಟಪದ ಹತ್ರಾನೇ ಒಂದು ಟೇಬಲ್ ಹಾಕಿ ಬಡಿಸಿ ಅಂತ ಮನೆಯೋರಿಗೆ ಹೇಳಿದ್ರೆ ಖಂಡಿತ ಮಾಡ್ತಾರೆ, ಕೇಳೋಕೆ ನಾಚಿಕೆ ಬೇಡ.

ದುಡ್ಡು, ಸರ್ಕಾರದ ಸಹಾಯ

ಆಪರೇಷನ್ ಆಗಿ ಒಂದೆರಡು ತಿಂಗಳಿಗಷ್ಟೇ ಬೇಕು ಅಂದ್ರೆ ಕೊಳ್ಳಬೇಡಿ, ದೊಡ್ಡ ಆಸ್ಪತ್ರೆ ಅಕ್ಕಪಕ್ಕದ ಸರ್ಜಿಕಲ್ ಅಂಗಡಿಗಳಲ್ಲಿ ವೀಲ್‌ಚೇರ್, ಮಂಚ, ಕಮೋಡ್ ಚೇರ್ ಬಾಡಿಗೆಗೆ ಸಿಗುತ್ತೆ. ನೆಂಟರ ಮನೇಲಿ ಅಟ್ಟ ಸೇರಿರೋದನ್ನ ತರೋದೂ ಒಳ್ಳೇದೇ, ಅಳತೆ ಸರಿ ಹೋಗುತ್ತಾ, ಬ್ರೇಕ್ ಹಿಡಿಯುತ್ತಾ ನೋಡಿ ತನ್ನಿ.

60 ವರ್ಷ ದಾಟಿದ, ಬಿಪಿಎಲ್ ಅಥವಾ ಕಮ್ಮಿ ಆದಾಯದವರಿಗೆ ಕೇಂದ್ರದ ರಾಷ್ಟ್ರೀಯ ವಯೋಶ್ರೀ ಯೋಜನೆ ಇದೆ, 2017ರಲ್ಲಿ ಶುರುವಾಗಿದ್ದು. ಕೋಲು, ವಾಕರ್, ವೀಲ್‌ಚೇರ್ ಜೊತೆಗೆ ಕನ್ನಡಕ, ಕಿವಿ ಮಷಿನ್, ಹಲ್ಲಿನ ಸೆಟ್ಟೂ ಉಚಿತವಾಗಿ ಕೊಡ್ತಾರೆ. 40% ಅಥವಾ ಹೆಚ್ಚು ಅಂಗವೈಕಲ್ಯ ಇದ್ರೆ, ಆದಾಯದ ಮಿತಿ ಒಳಗಿದ್ರೆ ಅಂಗವಿಕಲರಿಗೆ ಸಾಧನ ಕೊಡೋ ಕೇಂದ್ರದ ಎಡಿಐಪಿ ಅನ್ನೋ ಯೋಜನೆ ಇದೆ. ಎರಡರಲ್ಲೂ ಸಾಮಾನು ಹಂಚೋದು ಮುಖ್ಯವಾಗಿ ಕಾನ್ಪುರದ ಅಲಿಮ್ಕೋ ಅನ್ನೋ ಸರ್ಕಾರಿ ಕಂಪನಿ, ಕ್ಯಾಂಪ್ ಹಾಕಿ ಮೊದ್ಲು ಪರೀಕ್ಷೆ ಮಾಡಿ ಆಮೇಲೆ ಕೊಡ್ತಾರೆ. ಅಂಗವಿಕಲರ ಗುರುತಿನ ಚೀಟಿ ಯುಡಿಐಡಿ ಕಾರ್ಡ್ ಇನ್ನೂ ಮಾಡಿಸಿಲ್ಲ ಅಂದ್ರೆ ಸ್ವಾವಲಂಬನ್ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ಅರ್ಜಿ ಹಾಕಿ. ಆಧಾರ್, ರೇಷನ್ ಕಾರ್ಡ್, ಆದಾಯ ಪ್ರಮಾಣಪತ್ರ, ಫೋಟೋ ಒಂದು ಕವರಲ್ಲಿ ರೆಡಿ ಇಡಿ. ಹಳ್ಳೀಲಿ ಇರೋರು ಗ್ರಾಮ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅವ್ರನ್ನ, ತಾಲೂಕಲ್ಲಿ ಎಂಆರ್‌ಡಬ್ಲ್ಯೂ (ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು) ಅವ್ರನ್ನ ಹಿಡೀರಿ, ಕ್ಯಾಂಪ್ ಯಾವಾಗ ಅಂತ ಅವ್ರಿಗೆ ಗೊತ್ತಿರುತ್ತೆ. ಹಿರಿಯರ ಸಹಾಯವಾಣಿ 14567ಕ್ಕೂ ಫೋನ್ ಮಾಡಿ ಕೇಳಬಹುದು. ಬೆಂಗಳೂರಲ್ಲಿ ಮೊಬಿಲಿಟಿ ಇಂಡಿಯಾ, 1959ರಿಂದ ಕೆಲಸ ಮಾಡ್ತಿರೋ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ), ಈ ಎರಡು ಸಂಸ್ಥೆಗಳು ಇದೇ ಕ್ಷೇತ್ರದವು, ವಿಚಾರಿಸಿ ನೋಡಿ. ಕ್ಯಾಂಪಲ್ಲಿ ಉಚಿತವಾಗಿ ಕೊಟ್ಟಿದ್ದಾದ್ರೂ ಅಳತೆ ಸರಿ ಇಲ್ಲಾಂದ್ರೆ ಅಲ್ಲೇ ಹೇಳಿ, ಮನೆಗೆ ತಂದ್ಮೇಲೆ ಬದಲಾಯಿಸೋದು ಕಷ್ಟ.

ತಂದ್ಮೇಲೆ

ತಿಂಗಳಿಗೊಮ್ಮೆ ಕೋಲು ವಾಕರ್ ತಲೆಕೆಳಗು ಮಾಡಿ ರಬ್ಬರ್ ಬುಷ್ ನೋಡಿ, ತಳದ ಗೆರೆ ಸವೆದು ನುಣ್ಣಗಾಗಿದ್ರೆ ಅವತ್ತೇ ಬದಲಾಯಿಸಿ, ಹಳೇದನ್ನ ಅಂಗಡಿಗೆ ತಗೊಂಡು ಹೋದ್ರೆ ಅದೇ ಸೈಜು ಸಿಗುತ್ತೆ. ವಾಕರ್ ಸ್ಕ್ರೂ, ವೀಲ್‌ಚೇರ್ ಬ್ರೇಕು, ಮುಂದಿನ ಸಣ್ಣ ಚಕ್ರಕ್ಕೆ ಸುತ್ತಿಕೊಂಡಿರೋ ಕೂದಲು ದಾರ, ಇಷ್ಟು ನೋಡ್ಕೊಳ್ಳಿ. ಆರು ತಿಂಗಳಿಗೊಮ್ಮೆ, ಅಥವಾ ಮತ್ತೆ ಬಿದ್ರು, ತೂಕ ಇಳೀತು, ಹೊಸ ಆಪರೇಷನ್ ಆಯ್ತು ಅಂದ್ರೆ ಆಗ್ಲೇ, ಇನ್ನೊಂದ್ಸಲ ಎತ್ತರ ಅಳೆದು ಫಿಸಿಯೋಥೆರಪಿಸ್ಟ್ ಹತ್ರ ನಡಿಗೆ ತೋರಿಸಿ ಬನ್ನಿ, ಕೋಲಿಂದ ವಾಕರ್‌ಗೆ ಹೋಗ್ಬೇಕಾಗಬಹುದು, ಚೆನ್ನಾಗಿ ವ್ಯಾಯಾಮ ಮಾಡಿದೋರು ವಾಕರ್ ಬಿಟ್ಟು ಕೋಲಿಗೆ ಬರೋದೂ ಉಂಟು.